ಕರೆಂಟು ಹೋಯ್ತು ಅಂತ ಜನರೇಟರ್ ಸ್ಟಾರ್ಟ್ ಮಾಡೋ ಮುನ್ನ: ಕಂಬ ಹತ್ತಿದವರ ಜೀವ ನಿಮ್ಮ ಮೇನ್ ಬೋರ್ಡ್‌ನಲ್ಲಿದೆ

ಶಿವಮೊಗ್ಗ: ಮಳೆಗಾಲ ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗದ ಹಳ್ಳಿಗಳಲ್ಲಿ ಕರೆಂಟು ಯಾವಾಗ ಹೋಗತ್ತೆ, ಯಾವಾಗ ಬರತ್ತೆ ಅಂತ ಹೇಳೋಕಾಗಲ್ಲ. ಗಾಳಿಗೆ ಮರ ಬಿದ್ದು ಲೈನ್ ತುಂಡಾದರೆ ಕಾಡಂಚಿನ ಒಂಟಿ ಮನೆಗಳಿಗೆ ಎರಡು, ಮೂರು ದಿನ ಕತ್ತಲೆಯೇ ಗತಿ. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಇರುವ ಜಿಲ್ಲೆಯಲ್ಲೇ ಈ ಪರಿಸ್ಥಿತಿ.

ಹಾಗಾಗಿ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಚಿಕ್ಕ ಜನರೇಟರ್‌ಗಳು ಈಗ ಮನೆ, ಅಂಗಡಿ, ಹೋಂಸ್ಟೇ, ಕೋಳಿ ಫಾರಂ ಎಲ್ಲಾ ಕಡೆ ಬಂದಿವೆ. ಗಣಪತಿ ಹಬ್ಬ, ಮದುವೆ, ಜಾತ್ರೆಗೆ ಶಾಮಿಯಾನದವರ ಹತ್ತಿರ ಬಾಡಿಗೆಗೂ ಸಿಗುತ್ತವೆ. ಹಗ್ಗ ಎಳೆದರೆ ಸ್ಟಾರ್ಟ್, ಪಿನ್ ಚುಚ್ಚಿದರೆ ಲೈಟು. ಇಷ್ಟು ಸುಲಭ ಇರೋದ್ರಿಂದಲೇ ಇದರ ಅಪಾಯ ಯಾರಿಗೂ ಕಾಣಿಸಲ್ಲ.

ಜನರೇಟರನ್ನ ಮನೆ ವೈರಿಂಗ್‌ಗೆ ತಪ್ಪಾಗಿ ಸೇರಿಸಿದರೆ ಅಪಾಯ ಮನೆಯವರಿಗೆ ಮಾತ್ರ ಅಲ್ಲ. ಅದೇ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತಿ ನಿಮ್ಮ ಲೈನನ್ನೇ ಸರಿ ಮಾಡುತ್ತಿರುವ ಪವರ್‌ಮ್ಯಾನ್ ಜೀವಕ್ಕೆ ಅದು ನೇರ ಕುತ್ತು. ಚಿಕ್ಕ ಜನರೇಟರ್ ಬಳಸುವವರು ತಿಳಿದಿರಲೇಬೇಕಾದ ವಿದ್ಯುತ್ ಸುರಕ್ಷತಾ ನಿಯಮಗಳು ಇಲ್ಲಿವೆ.

ಎರಡೂ ಕಡೆ ಪಿನ್ ಇರುವ ವೈರ್: ಇವತ್ತೇ ಕತ್ತರಿಸಿ ಹಾಕಿ

ಹಲವು ಮನೆಗಳಲ್ಲಿ ಒಂದು ವೈರ್ ಇರುತ್ತೆ. ಅದರ ಎರಡೂ ತುದಿಗೆ ಪಿನ್. ಒಂದು ತುದಿಯನ್ನ ಜನರೇಟರ್‌ಗೆ, ಇನ್ನೊಂದನ್ನ ಗೋಡೆಯ ಪ್ಲಗ್ ಪಾಯಿಂಟ್‌ಗೆ ಚುಚ್ಚುತ್ತಾರೆ. ಇಡೀ ಮನೆಗೆ ಕರೆಂಟು ಬರುತ್ತೆ. 'ಮೇನ್ ಆಫ್ ಮಾಡಿದ್ರೆ ಆಯ್ತಲ್ಲ' ಅನ್ನೋದು ಇದಕ್ಕೆ ಕೊಡುವ ಸಮಾಧಾನ.

ಇದರಲ್ಲಿ ಎರಡು ತಪ್ಪಿದೆ.

ಒಂದು, ಜನರೇಟರ್ ಓಡುತ್ತಿರುವಾಗ ಗೋಡೆಯ ಕಡೆಯ ಪಿನ್ ಕಳಚಿ ಬಂದರೆ ಅದರ ಹಿತ್ತಾಳೆ ಕಾಲುಗಳಲ್ಲಿ 230 ವೋಲ್ಟ್ ಬರಿಮೈಯಲ್ಲಿ ಇರುತ್ತೆ. ಮಗು ಮುಟ್ಟಿದರೂ ಅಷ್ಟೇ, ದೊಡ್ಡವರು ಕತ್ತಲಲ್ಲಿ ತುಳಿದರೂ ಅಷ್ಟೇ.

ಎರಡು, ಎಲ್ಲವೂ ಒಬ್ಬರ ನೆನಪಿನ ಮೇಲೆ ನಿಂತಿದೆ. ರಾತ್ರಿ, ಮಳೆ, ಕೈಯಲ್ಲಿ ಟಾರ್ಚ್, ಒಳಗೆ ಮಕ್ಕಳ ಗಲಾಟೆ. ಇಂಥ ಹೊತ್ತಲ್ಲಿ ಒಂದೇ ಒಂದು ದಿನ ಮೇನ್ ಆಫ್ ಮಾಡೋದು ಮರೆತರೆ ಮನೆಯ ಕರೆಂಟು ಮೀಟರ್ ದಾಟಿ, ಸರ್ವಿಸ್ ವೈರ್ ದಾಟಿ ಕಂಬಕ್ಕೆ ಹೋಗುತ್ತೆ. ಇದನ್ನೇ ಇಲಾಖೆಯವರು 'ಬ್ಯಾಕ್ ಫೀಡ್' ಅಂತ ಕರೆಯೋದು. ಕರೆಂಟು ಹಿಮ್ಮುಖವಾಗಿ ಹರಿಯೋದು ಅಂತ ಅರ್ಥ.

ಲೈನ್‌ಗೆ ಹೋದ ಕರೆಂಟು ಏನು ಮಾಡುತ್ತೆ?

ನಿಮ್ಮೂರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 11 ಸಾವಿರ ವೋಲ್ಟ್‌ ಅನ್ನ ಮನೆಗೆ ಬೇಕಾದಷ್ಟಕ್ಕೆ ಇಳಿಸುತ್ತೆ ಅಂತ ಎಲ್ಲರಿಗೂ ಗೊತ್ತು. ಅದೇ ಟಿಸಿ ಉಲ್ಟಾನೂ ಕೆಲಸ ಮಾಡುತ್ತೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಮನೆಯ ಕಡೆಯಿಂದ ಒಂದು ಫೇಸ್‌ಗೆ 230 ವೋಲ್ಟ್ ಕೊಟ್ಟರೆ ಮೇಲಿನ ಹೈಟೆನ್ಷನ್ ತಂತಿಗಳ ನಡುವೆ ಸುಮಾರು 10 ಸಾವಿರ ವೋಲ್ಟ್‌ವರೆಗೆ ಏರಬಹುದು. ಟಿಸಿಗೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನೋ ಭೇದ ಇಲ್ಲ.

'ಇಷ್ಟು ಚಿಕ್ಕ ಜನರೇಟರ್ ಇಡೀ ಊರಿನ ಲೋಡ್ ಎಳೆಯುತ್ತಾ? ಅದೇ ಬಂದ್ ಬೀಳುತ್ತೆ' ಅಂತ ವಾದ ಮಾಡುವವರಿದ್ದಾರೆ. ಅಕ್ಕಪಕ್ಕದ ಹತ್ತಾರು ಮನೆಗಳ ಲೋಡ್ ಒಟ್ಟಿಗೆ ಬಿದ್ದರೆ ಚಿಕ್ಕ ಜನರೇಟರ್ ನಿಂತು ಹೋಗುತ್ತೆ ಅನ್ನೋದು ನಿಜವೇ. ಆದರೆ ಮರ ಬಿದ್ದು ಲೈನ್ ತುಂಡಾದಾಗ ಪರಿಸ್ಥಿತಿ ಬೇರೆ. ತುಂಡಾದ ಜಾಗದಿಂದ ಈಚೆಗೆ ನಿಮ್ಮ ಮನೆ ಒಂದೇ ಉಳಿದಿರಬಹುದು. ಮಲೆನಾಡಿನ ಒಂಟಿ ಮನೆಗಳಲ್ಲಿ ಹೀಗಾಗುವ ಸಾಧ್ಯತೆ ಜಾಸ್ತಿ. ಆಗ ಲೋಡೇ ಇಲ್ಲ. ಜನರೇಟರ್ ಆರಾಮಾಗಿ ಓಡುತ್ತಿರುತ್ತೆ, ತುಂಡಾದ ತಂತಿ ಜೀವಂತವಾಗಿರುತ್ತೆ. ಪವರ್‌ಮ್ಯಾನ್ ಕೈ ಹಾಕೋದು ಅದೇ ತುಂಡಾದ ತಂತಿಗೆ. ಅಲ್ಲಿ 10 ಸಾವಿರ ವೋಲ್ಟ್ ಬೇಕಾಗಿಲ್ಲ, ನೆನೆದ ಕೈಗೆ 230 ವೋಲ್ಟ್ ಸಾಕು.

ಲೈನ್ ಕ್ಲಿಯರ್ ತಗೊಂಡು, ಟೆಸ್ಟ್ ಮಾಡಿ, ಅರ್ಥ್ ರಾಡ್ ಹಾಕಿಯೇ ಕೆಲಸ ಮಾಡಬೇಕು ಅನ್ನೋ ನಿಯಮ ಪವರ್‌ಮ್ಯಾನ್‌ಗಳಿಗೆ ಇದೆ. ಅದು ಅವರ ಕಡೆಯ ನಿಯಮ. ಮೇಲಿನಿಂದ ಬರುವ ಕರೆಂಟನ್ನ ಸ್ಟೇಷನ್‌ಗೆ ಫೋನ್ ಮಾಡಿ ಅವರು ನಿಲ್ಲಿಸಬಹುದು. ಕೆಳಗಿನ ಯಾವ ಮನೆಯಿಂದ ಬರುತ್ತೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನ ತಡೆಯೋದು ಮನೆಯವರ ಕೆಲಸ.

ಲೈನ್ ದುರಸ್ತಿಯಾಗಿ ಕರೆಂಟು ವಾಪಸ್ ಬಂದಾಗಲೂ ಅಪಾಯ ಇದೆ. ಓಡುತ್ತಿರುವ ಜನರೇಟರ್ ಮೇಲೆ ಲೈನ್ ಕರೆಂಟು ಬಂದು ಹೊಡೆದರೆ ಕಾಯಿಲ್ ಸುಟ್ಟು ಹೋಗಬಹುದು, ಬೆಂಕಿಯೂ ಹತ್ತಬಹುದು.

ಪರಿಹಾರ ಒಂದೇ: ಚೇಂಜ್ ಓವರ್ ಸ್ವಿಚ್

ಮನೆ ವೈರಿಂಗ್‌ಗೆ ಜನರೇಟರ್ ಸೇರಿಸಬೇಕು ಅಂದರೆ ಮೀಟರ್ ಆದಮೇಲೆ ಮೇನ್ ಬೋರ್ಡ್‌ನಲ್ಲಿ ಚೇಂಜ್ ಓವರ್ ಸ್ವಿಚ್ ಇರಲೇಬೇಕು. ಇದಕ್ಕೆ ಮೂರು ಸ್ಥಾನ: ಲೈನ್, ಆಫ್, ಜನರೇಟರ್. ಹಿಡಿಕೆ ಲೈನ್ ಕಡೆ ಇದ್ದರೆ ಜನರೇಟರ್ ಕಟ್, ಜನರೇಟರ್ ಕಡೆ ಇದ್ದರೆ ಲೈನ್ ಕಟ್. ಎರಡೂ ಒಟ್ಟಿಗೆ ಸೇರೋಕೆ ಅದರ ರಚನೆಯೇ ಬಿಡಲ್ಲ. ಮರೆವು ಇರಲಿ, ಕತ್ತಲೆ ಇರಲಿ, ಮನೆಗೆ ಬಂದ ನೆಂಟರು ಆನ್ ಮಾಡಲಿ, ತಪ್ಪು ಮಾಡೋಕೆ ಅವಕಾಶವೇ ಇಲ್ಲ.

ಹಾಕಿಸುವಾಗ ನೋಡಿಕೊಳ್ಳಬೇಕಾದ್ದು:

• ಸಿಂಗಲ್ ಫೇಸ್ ಮನೆಗೆ ಡಬಲ್ ಪೋಲ್, ತ್ರೀ ಫೇಸ್‌ಗೆ ಫೋರ್ ಪೋಲ್ ಸ್ವಿಚ್ ಇರಲಿ. ಫೇಸ್ ಜೊತೆ ನ್ಯೂಟ್ರಲ್ ಕೂಡ ಕಟ್ ಆಗಬೇಕು. ಫೇಸ್ ಮಾತ್ರ ಕಟ್ ಆಗಿ ನ್ಯೂಟ್ರಲ್ ಕಂಬದ ಜೊತೆ ಸೇರಿಕೊಂಡೇ ಇದ್ದರೆ ಜನರೇಟರ್ ಲೈನ್‌ನಿಂದ ಪೂರ್ತಿ ಬೇರೆಯಾದಂತೆ ಅಲ್ಲ.

• ಎರಡು ಎಂಸಿಬಿ ಪಕ್ಕಪಕ್ಕ ಹಾಕಿ 'ಒಂದು ಆನ್ ಇದ್ದಾಗ ಇನ್ನೊಂದು ಆಫ್ ಮಾಡಿ' ಅನ್ನೋದು ಚೇಂಜ್ ಓವರ್ ಅಲ್ಲ. ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಇಂಟರ್‌ಲಾಕ್ ಇರಬೇಕು.

• ಸ್ವಿಚ್‌ನ ಆಂಪ್ಸ್ ನಿಮ್ಮ ಮನೆಯ ಮೇನ್‌ಗೆ ತಕ್ಕಂತೆ ಇರಲಿ. ಜನರೇಟರ್ ಚಿಕ್ಕದು ಅಂತ ಸ್ವಿಚ್ಚೂ ಚಿಕ್ಕದು ಹಾಕಬಾರದು, ಲೈನ್ ಕರೆಂಟೂ ಅದರ ಮೂಲಕವೇ ಹೋಗುತ್ತೆ.

• ಈ ಕೆಲಸ ಸ್ವಂತಕ್ಕೆ ಮಾಡೋದಲ್ಲ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗ್ ಕೆಲಸವನ್ನ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು ಅನ್ನೋದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. 2010ರ ಹಳೆಯ ನಿಯಮಾವಳಿ ಜಾಗಕ್ಕೆ ಈಗ 2023ರ ಹೊಸ ನಿಯಮಾವಳಿ ಬಂದಿದೆ.

ಚೇಂಜ್ ಓವರ್ ಹಾಕಿಸೋಕೆ ಸದ್ಯ ಆಗಲ್ಲ ಅಂತಾದರೆ ಮನೆ ವೈರಿಂಗ್ ಮುಟ್ಟಲೇಬೇಡಿ. ಜನರೇಟರ್‌ನಲ್ಲೇ ಇರುವ ಸಾಕೆಟ್‌ಗೆ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ, ಫ್ರಿಡ್ಜ್, ಲೈಟ್, ಮೊಬೈಲ್ ಚಾರ್ಜರ್ ನೇರವಾಗಿ ಅದಕ್ಕೇ ಚುಚ್ಚಿ. ನೋಡೋಕೆ ಚೆನ್ನಾಗಿರಲ್ಲ, ಆದರೆ ಲೈನ್‌ಗೆ ಕರೆಂಟು ಹೋಗುವ ದಾರಿಯೇ ಇರಲ್ಲ.

'ಚಿಕ್ಕದು, ಏನಾಗಲ್ಲ' ಅನ್ನೋ ಭ್ರಮೆ

ಮನುಷ್ಯನ ಮೈಮೇಲೆ ಹರಿದರೆ ಪ್ರಾಣಕ್ಕೆ ಅಪಾಯ ತರುವ ಕರೆಂಟು ಎಷ್ಟು? ಜೀವ ಉಳಿಸೋಕೆ ಅಂತ ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪ್ಸ್ ಸೋರಿಕೆಗೇ ಟ್ರಿಪ್ ಆಗುತ್ತೆ. 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಎಳೆಯೋದೇ ಸುಮಾರು 40 ಮಿಲಿ ಆಂಪ್ಸ್. ಅಂದರೆ ಒಂದು ಬಲ್ಬ್ ಉರಿಸುವಷ್ಟು ಕರೆಂಟು ಎದೆಯ ಮೂಲಕ ಹರಿದರೆ ಸಾಕು.

2 ಕೆವಿಎ ಜನರೇಟರ್ ಕೊಡೋದು ಸುಮಾರು 8.7 ಆಂಪ್ಸ್, ಅಂದರೆ 8,700 ಮಿಲಿ ಆಂಪ್ಸ್. ಆ 30ರ ಮಿತಿಗೆ ಹೋಲಿಸಿದರೆ 290 ಪಟ್ಟು. ಇದರಲ್ಲಿ ಚಿಕ್ಕದು ಅನ್ನೋದು ಡಬ್ಬದ ಸೈಜ್ ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆ: 'ಎಂಸಿಬಿ ಇದೆ, ಶಾಕ್ ಹೊಡೆದರೆ ಬೀಳುತ್ತೆ.' ಬೀಳಲ್ಲ. 6 ಆಂಪ್ಸ್ ಎಂಸಿಬಿ ಬೀಳೋಕೆ 6 ಆಂಪ್ಸ್‌ಗಿಂತ ಜಾಸ್ತಿ ಹರಿಯಬೇಕು. ಅಷ್ಟರೊಳಗೆ ಮನುಷ್ಯ ಉಳಿದಿರಲ್ಲ. ಎಂಸಿಬಿ ಇರೋದು ವೈರ್ ಸುಡದೇ ಇರಲಿ ಅಂತ. ಮನುಷ್ಯನನ್ನ ಕಾಯೋದು ಆರ್‌ಸಿಸಿಬಿ.

ಅರ್ಥಿಂಗ್ ಇಲ್ಲದಿದ್ದರೆ ಆರ್‌ಸಿಸಿಬಿ ಕೂಡ ಸುಮ್ಮನೆ

ಇದು ಎಲೆಕ್ಟ್ರಿಷಿಯನ್‌ಗಳೂ ಕೆಲವೊಮ್ಮೆ ಎಡವುವ ಜಾಗ. ಮೆಸ್ಕಾಂ ಲೈನ್‌ನಲ್ಲಿ ನ್ಯೂಟ್ರಲ್ ತಂತಿಯನ್ನ ಟಿಸಿ ಹತ್ತಿರ ಭೂಮಿಗೆ ಸೇರಿಸಿರುತ್ತಾರೆ. ಫೇಸ್ ಮುಟ್ಟಿದರೆ ಕರೆಂಟು ಮೈಮೂಲಕ ಭೂಮಿಗೆ ಹೋಗಿ, ಅಲ್ಲಿಂದ ಟಿಸಿಗೆ ವಾಪಸ್ ಹೋಗುತ್ತೆ. ಆ ಸೋರಿಕೆ ನೋಡಿಯೇ ಆರ್‌ಸಿಸಿಬಿ ಟ್ರಿಪ್ ಆಗೋದು.

ಆದರೆ ಹೆಚ್ಚಿನ ಚಿಕ್ಕ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಭೂಮಿಗೂ ಸೇರಿರಲ್ಲ, ಬಾಡಿಗೂ ಸೇರಿರಲ್ಲ. ಇದಕ್ಕೆ 'ಫ್ಲೋಟಿಂಗ್ ನ್ಯೂಟ್ರಲ್' ಅಂತಾರೆ. ಒಂದೇ ಒಂದು ಉಪಕರಣವನ್ನ ನೇರವಾಗಿ ಜನರೇಟರ್‌ಗೆ ಚುಚ್ಚಿ ಬಳಸುವಾಗ ಇದರಿಂದ ಅನುಕೂಲವೇ, ಕರೆಂಟಿಗೆ ಭೂಮಿ ಮೂಲಕ ವಾಪಸ್ ಬರುವ ದಾರಿ ಇರಲ್ಲ. ಇಡೀ ಮನೆ ವೈರಿಂಗ್‌ಗೆ ಸೇರಿಸಿದಾಗ ಮಾತ್ರ ತೊಂದರೆ. ಎಲ್ಲೋ ಒಂದು ಹಳೆ ವೈರ್ ಗೋಡೆಯ ತೇವಕ್ಕೆ ತಾಗಿದ್ದರೆ ಅದು ಮೊದಲ ಫಾಲ್ಟ್. ಆಗ ಏನೂ ಆಗಲ್ಲ, ಆರ್‌ಸಿಸಿಬಿಯೂ ಬೀಳಲ್ಲ, ಯಾರಿಗೂ ಗೊತ್ತಾಗಲ್ಲ. ಇನ್ನೊಂದು ತಂತಿಯನ್ನ ಯಾರಾದರೂ ಮುಟ್ಟಿದಾಗ ಪೂರ್ತಿ ಶಾಕ್.

ಹಾಗಾಗಿ ಚೇಂಜ್ ಓವರ್ ಹಾಕಿಸುವಾಗಲೇ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಪ್ರಶ್ನೆ ಕೇಳಿ:

1. ಜನರೇಟರ್ ಬಾಡಿಗೆ ಅರ್ಥ್ ಕೊಟ್ಟಿದ್ದೀರಾ?

2. ಜನರೇಟರ್ ನ್ಯೂಟ್ರಲ್ ಅನ್ನ ಅರ್ಥ್‌ಗೆ ಸೇರಿಸಬೇಕಾ? ಸೇರಿಸಿದ್ದೀರಾ? (ಕಂಪನಿಯ ಪುಸ್ತಕ ನೋಡಿಯೇ ಇದನ್ನ ತೀರ್ಮಾನಿಸಬೇಕು.)

3. ಜನರೇಟರ್ ಓಡುವಾಗ ಆರ್‌ಸಿಸಿಬಿ ನಿಜವಾಗಲೂ ಟ್ರಿಪ್ ಆಗುತ್ತಾ, ಉಪಕರಣ ಹಿಡಿದು ಟೆಸ್ಟ್ ಮಾಡಿ ತೋರಿಸ್ತೀರಾ?

ಆರ್‌ಸಿಸಿಬಿ ಮೇಲಿರುವ 'ಟಿ' ಬಟನ್ ಒತ್ತಿದಾಗ ಬಿದ್ದರೆ ಅದರ ಒಳಗಿನ ಯಂತ್ರ ಸರಿ ಇದೆ ಅಂತ ಅಷ್ಟೇ. ಅರ್ಥಿಂಗ್ ಸರಿ ಇದೆ ಅಂತ ಅಲ್ಲ.

ಅರ್ಥಿಂಗ್ ಬಗ್ಗೆ ಭಾರತೀಯ ಮಾನಕ ಐಎಸ್ 3043 ಇದೆ. ಪೈಪ್ ಅರ್ಥಿಂಗ್ ಆದರೆ ಪೈಪ್ ಕನಿಷ್ಠ ಎರಡೂವರೆ ಮೀಟರ್ ಉದ್ದ ಇರಬೇಕು. ಒಂದು ಅಡಿ ಕಬ್ಬಿಣದ ಸರಳನ್ನ ಹೂವಿನ ಕುಂಡದ ಪಕ್ಕ ಹೊಡೆದರೆ ಅದು ಅರ್ಥಿಂಗ್ ಅಲ್ಲ. ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲಕ್ಕೆ ಸರಿ ಇದ್ದ ಅರ್ಥ್ ಬೇಸಿಗೆಯಲ್ಲಿ ಒಣಗಿ ಕೈ ಕೊಡಬಹುದು. ವರ್ಷಕ್ಕೊಮ್ಮೆ ಬೇಸಿಗೆಯಲ್ಲೂ ಅಳೆಸಿ ನೋಡಬೇಕು. ನಲ್ಲಿ ಪೈಪ್‌ಗೆ ಅರ್ಥ್ ಕಟ್ಟೋದು ಬೇಡ, ಫಾಲ್ಟ್ ಆದರೆ ಬಚ್ಚಲಲ್ಲಿ ನಲ್ಲಿ ಮುಟ್ಟಿದವರಿಗೆ ಹೊಡೆಯುತ್ತೆ.

ಎಷ್ಟು ಲೋಡ್, ಯಾವ ವೈರ್?

ಜನರೇಟರ್ ಮೇಲೆ ಎರಡು ಲೆಕ್ಕ ಬರೆದಿರುತ್ತೆ: ಮ್ಯಾಕ್ಸಿಮಮ್ ಮತ್ತು ರೇಟೆಡ್. ಮ್ಯಾಕ್ಸಿಮಮ್ ಅಂದರೆ ಸ್ವಲ್ಪ ಹೊತ್ತು ಮಾತ್ರ. ದಿನನಿತ್ಯದ ಲೆಕ್ಕಕ್ಕೆ ರೇಟೆಡ್ ಹಿಡಿಯಿರಿ. ಕೆವಿಎ ಅಂತ ಬರೆದಿದ್ದರೆ ಪವರ್ ಫ್ಯಾಕ್ಟರ್ 0.8 ಇಟ್ಟುಕೊಂಡು ಗುಣಿಸಿ. 2 ಕೆವಿಎ ಅಂದರೆ 1.6 ಕಿಲೋವ್ಯಾಟ್.

ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ಮಿಕ್ಸಿ 500ರಿಂದ 750. ಇಸ್ತ್ರಿ ಪೆಟ್ಟಿಗೆ 1,000. ಗೀಸರ್ 2,000ಕ್ಕೂ ಮೇಲೆ, ಅದನ್ನ ಚಿಕ್ಕ ಜನರೇಟರ್‌ಗೆ ಹಾಕಲೇಬೇಡಿ.

ಮೋಟಾರ್ ಇರುವ ವಸ್ತುಗಳಲ್ಲಿ ಇನ್ನೂ ಹುಷಾರಿ ಬೇಕು. 1 ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಮೋಟಾರ್ ಅದಕ್ಕಿಂತ ಜಾಸ್ತಿ ಎಳೆದೇ ಅಷ್ಟು ಕೆಲಸ ಕೊಡೋದು. ಸ್ಟಾರ್ಟ್ ಆಗುವ ಕ್ಷಣದಲ್ಲಂತೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತೆ. ಅಡಿಕೆ ಸುಲಿಯೋ ಮೆಷಿನ್, ನೀರೆತ್ತೋ ಪಂಪ್, ಫ್ರಿಡ್ಜ್ ಎಲ್ಲದಕ್ಕೂ ಇದೇ ಲೆಕ್ಕ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಕರೆಂಟು ಹೋಯ್ತು ಅಂತ 2 ಕೆವಿಎ ಜನರೇಟರ್‌ಗೆ ಸುಲಿಯೋ ಮೆಷಿನ್ ಕಟ್ಟಿದರೆ ಮೋಟಾರ್ ತಿರುಗದೆ ಗುಂಯ್ ಅಂತ ನಿಂತು ವೈಂಡಿಂಗ್ ಸುಡಬಹುದು.

ವೈರ್ ವಿಷಯಕ್ಕೆ ಬಂದರೆ, ತಾಮ್ರದ ವೈರ್ ಲೆಕ್ಕ ಹೀಗಿದೆ:

• 10 ಆಂಪ್ಸ್‌ವರೆಗೆ: 1.5 ಸ್ಕ್ವೇರ್ ಎಂಎಂ

• 16 ಆಂಪ್ಸ್‌ವರೆಗೆ: 2.5 ಸ್ಕ್ವೇರ್ ಎಂಎಂ

• 5 ಕೆವಿಎ ಜನರೇಟರ್‌ನ ಪೂರ್ತಿ 22 ಆಂಪ್ಸ್‌ಗೆ: 4 ಸ್ಕ್ವೇರ್ ಎಂಎಂ. ಇಷ್ಟು ಕರೆಂಟನ್ನ ಮಾಮೂಲಿ 16 ಆಂಪ್ಸ್ ಪಿನ್ ತಡೆಯಲ್ಲ, 32 ಆಂಪ್ಸ್‌ನ ಇಂಡಸ್ಟ್ರಿಯಲ್ ಸಾಕೆಟ್ ಬೇಕು.

ದೂರ ಜಾಸ್ತಿಯಾದರೆ ವೈರೂ ದಪ್ಪ ಆಗಬೇಕು. 1 ಸ್ಕ್ವೇರ್ ಎಂಎಂ ವೈರ್‌ನಲ್ಲಿ 50 ಮೀಟರ್ ದೂರಕ್ಕೆ 10 ಆಂಪ್ಸ್ ಎಳೆದರೆ ಸುಮಾರು 18 ವೋಲ್ಟ್ ದಾರಿಯಲ್ಲೇ ಹೋಗುತ್ತೆ. ಹೋದ ಆ ವೋಲ್ಟೇಜ್ ವೈರ್ ಬಿಸಿ ಮಾಡೋದಕ್ಕೆ ಖರ್ಚಾಗಿರುತ್ತೆ. ಸುತ್ತಿಟ್ಟ ವೈರನ್ನ ಹಾಗೇ ಬಳಸಬೇಡಿ, ಪೂರ್ತಿ ಬಿಚ್ಚಿ ಹಾಕಿ. ಸುರುಳಿಯಲ್ಲಿ ಬಿಸಿ ಹೊರಗೆ ಹೋಗದೆ ಪ್ಲಾಸ್ಟಿಕ್ ಕರಗುತ್ತೆ. ವೈರ್ ಯಾವಾಗಲೂ ಮೂರು ಎಳೆಯದ್ದೇ ಇರಲಿ: ಫೇಸ್, ನ್ಯೂಟ್ರಲ್, ಅರ್ಥ್. ಎರಡು ಎಳೆಯ ವೈರ್ ತಂದರೆ ಅರ್ಥಿಂಗ್ ಅಲ್ಲಿಗೇ ಮುಗಿಯಿತು. ಬಾಗಿಲ ಸಂದಿಯಲ್ಲಿ, ಚಾಪೆ ಕೆಳಗೆ, ನೀರು ನಿಲ್ಲುವ ಅಂಗಳದಲ್ಲಿ ವೈರ್ ಹಾಯಿಸಬೇಡಿ. ನಡುವೆ ಜಾಯಿಂಟ್ ಇದ್ದರೆ ಅದನ್ನ ಮಳೆಗೆ ಬಿಡಬೇಡಿ.

ಮಳೆ ಬಂದರೆ ಎಲ್ಲಿ ಇಡೋದು?

ಮಲೆನಾಡಿನ ನಿಜವಾದ ಸಮಸ್ಯೆ ಇದು. ಹೊರಗಿಟ್ಟರೆ ಮಳೆ, ಒಳಗಿಟ್ಟರೆ ಹೊಗೆ. ಹೆಚ್ಚಿನವರು ಜಗಲಿಗೋ, ಕೊಟ್ಟಿಗೆಗೋ, ಅಂಗಡಿಯವರು ಶಟರ್ ಒಳಗೋ ತಂದಿಡುತ್ತಾರೆ. ಎರಡೂ ಜೀವಕ್ಕೆ ಅಪಾಯ.

ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನ ಹಿಡಿದುಕೊಳ್ಳುತ್ತೆ. ತಲೆನೋವು, ವಾಕರಿಕೆ, ಸುಸ್ತು ಇದರ ಲಕ್ಷಣ. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗಲ್ಲ, ಹಾಗೇ ಹೋಗಿಬಿಡ್ತಾರೆ. ಕಿಟಕಿ ತೆಗೆದಿಟ್ಟರೆ, ಫ್ಯಾನ್ ಹಾಕಿದರೆ ಸಾಲಲ್ಲ.

ಮಾಡಬೇಕಾದ್ದು ಇಷ್ಟು:

• ಮನೆಯಿಂದ ಕನಿಷ್ಠ 6 ಮೀಟರ್, ಅಂದರೆ 20 ಅಡಿ ದೂರ ಇಡಿ. ಸೈಲೆನ್ಸರ್ ಬಾಯಿ ಮನೆಯ ಬಾಗಿಲು, ಕಿಟಕಿಗೆ ವಿರುದ್ಧ ದಿಕ್ಕಿಗಿರಲಿ. ಪಕ್ಕದ ಮನೆ ಕಿಟಕಿಯನ್ನೂ ನೋಡಿ.

• ನಾಲ್ಕು ಕಂಬ ನೆಟ್ಟು ಮೇಲೆ ತಗಡಿನ ಶೀಟ್ ಹಾಕಿ. ನಾಲ್ಕೂ ಬದಿ ತೆರೆದಿರಲಿ. ಪ್ಲಾಸ್ಟಿಕ್ ಟಾರ್ಪಲ್‌ನಿಂದ ಸುತ್ತಿ ಮುಚ್ಚಬೇಡಿ, ಎಂಜಿನ್ ಬಿಸಿಗೆ ಹತ್ತಿಕೊಳ್ಳುತ್ತೆ.

• ನೆಲದಿಂದ ಎತ್ತರಕ್ಕೆ, ಇಟ್ಟಿಗೆ ಅಥವಾ ಸಿಮೆಂಟ್ ಕಟ್ಟೆ ಮೇಲೆ ಸಮತಟ್ಟಾಗಿ ಇಡಿ. ಕಾಲು, ಕೈ ಒದ್ದೆ ಇದ್ದಾಗ ಸಾಕೆಟ್, ಪಿನ್ ಮುಟ್ಟಬೇಡಿ.

ಈ ಶೆಡ್ಡಿಗೆ ಆಗುವ ಖರ್ಚನ್ನ ಜನರೇಟರ್ ಬೆಲೆಯ ಜೊತೆಗೇ ಲೆಕ್ಕ ಹಾಕಿ. ಶೆಡ್ ಇಲ್ಲದೆ ಮಲೆನಾಡಲ್ಲಿ ಜನರೇಟರ್ ಕೊಳ್ಳೋದು ಅಂದರೆ ಕೊನೆಗೆ ಅದನ್ನ ಜಗಲಿಗೆ ತರೋದೇ.

ಪೆಟ್ರೋಲ್: ಪ್ಲಾಸ್ಟಿಕ್ ಕ್ಯಾನ್ ಬೇಡ

ಓಡುತ್ತಿರುವಾಗ ಪೆಟ್ರೋಲ್ ಹಾಕಬಾರದು. ನಿಲ್ಲಿಸಿ, ಎಂಜಿನ್ ತಣ್ಣಗಾಗೋಕೆ ಬಿಟ್ಟು ಆಮೇಲೆ ಹಾಕಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡು ದೂರದ ದೀಪ, ಒಲೆಯಿಂದಲೂ ಹತ್ತಿಕೊಳ್ಳಬಹುದು. ಕತ್ತಲಲ್ಲಿ ಸೀಮೆಎಣ್ಣೆ ಬುಡ್ಡಿ, ಮೇಣದಬತ್ತಿ ಹಿಡಿದು ಟ್ಯಾಂಕ್ ಒಳಗೆ ಬಗ್ಗಿ ನೋಡೋದಂತೂ ಬೇಡವೇ ಬೇಡ.

1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ ಪೆಟ್ರೋಲ್ ಇಟ್ಟುಕೊಳ್ಳೋಕೆ 30 ಲೀಟರ್‌ವರೆಗೆ ಲೈಸೆನ್ಸ್ ಬೇಡ. ಆದರೆ ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿಯಂಥ ಜಾಡಿ ಅಥವಾ ಲೋಹದ ಡಬ್ಬದಲ್ಲೇ ಇರಬೇಕು. ಗಾಜು, ಜಾಡಿ ಆದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮಿತಿ. ನೀರಿನ ಬಾಟಲಿ, ಎಣ್ಣೆ ಕ್ಯಾನ್ ಈ ಪಟ್ಟಿಯಲ್ಲಿ ಇಲ್ಲ.

ಗಣಪತಿ ಪೆಂಡಾಲ್, ಜಾತ್ರೆ: ಕಾನೂನು ಏನು ಹೇಳುತ್ತೆ?

ಗಣಪತಿ ಕೂರಿಸುವ ಸಮಿತಿಗಳು, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ಕಡೆ ಅಂಗಡಿ ಹಾಕುವವರು ಇದನ್ನ ಓದಲೇಬೇಕು.

2003ರ ವಿದ್ಯುತ್ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ಬೀದಿಯಲ್ಲಿ ಅಥವಾ 100 ಮತ್ತು ಅದಕ್ಕಿಂತ ಹೆಚ್ಚು ಜನ ಸಾಮಾನ್ಯವಾಗಿ ಸೇರುವ ಜಾಗದಲ್ಲಿ 250 ವ್ಯಾಟ್ ಮತ್ತು 100 ವೋಲ್ಟ್‌ ಮೀರಿ ವಿದ್ಯುತ್ ಬಳಸುವವರು ಕನಿಷ್ಠ 7 ದಿನ ಮೊದಲೇ ವಿದ್ಯುತ್ ಪರಿವೀಕ್ಷಕರಿಗೆ ಮತ್ತು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಲಿಖಿತ ನೋಟಿಸ್ ಕೊಡಬೇಕು. ಪೊಲೀಸ್ ಕಮಿಷನರೇಟ್ ಇರುವ ಕಡೆ ಕಮಿಷನರ್‌ಗೆ ಕೊಡಬೇಕು. ಏನು ಯಂತ್ರ, ಏನು ವೈರಿಂಗ್, ಯಾವ ಉದ್ದೇಶಕ್ಕೆ ಅನ್ನೋ ವಿವರ ಅದರಲ್ಲಿ ಇರಬೇಕು. 250 ವ್ಯಾಟ್ ಅಂದರೆ ನಾಲ್ಕು ಫ್ಯಾನ್ ಕೂಡ ಅಲ್ಲ. ಹಾಗಾಗಿ ಮೈಕ್ ಸೆಟ್ಟು, ಸೀರಿಯಲ್ ಲೈಟು ಇರುವ ಪೆಂಡಾಲ್ ಈ ಮಿತಿ ದಾಟದೆ ಇರೋದು ಕಷ್ಟ.

ಅಪಘಾತ ಆದರೆ ಅದೇ ಕಾಯ್ದೆಯ 161ನೇ ಸೆಕ್ಷನ್‌ನಂತೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸೋದು ಕಡ್ಡಾಯ. ಮನುಷ್ಯರಿಗಾದರೂ, ದನಕರುಗಳಿಗಾದರೂ ಅಷ್ಟೇ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ.

ಪೆಂಡಾಲ್‌ನಲ್ಲಿ ಜನರೇಟರ್ ಇಟ್ಟಾಗ:

• ಕಬ್ಬಿಣದ ಕಂಬ, ತಗಡಿನ ಮೇಲೆ ವೈರ್ ನೇರವಾಗಿ ಕಟ್ಟಬೇಡಿ. ಒಂದು ಕಡೆ ವೈರ್ ಸುಲಿದರೆ ಇಡೀ ಪೆಂಡಾಲ್ ಶಾಕ್ ಹೊಡೆಯುತ್ತೆ.

• ಜನರೇಟರ್ ಸುತ್ತ ಬ್ಯಾರಿಕೇಡ್ ಇರಲಿ, ಮಕ್ಕಳು ಹತ್ತಿರ ಬರಬಾರದು. ಒಬ್ಬರು ಅದಕ್ಕೇ ಅಂತ ಇರಲಿ.

• ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದು, ಜೊತೆಗೆ ಜನರೇಟರ್ ಕೂಡ ಇಟ್ಟುಕೊಂಡಿದ್ದರೆ ಚೇಂಜ್ ಓವರ್ ಸ್ವಿಚ್ ಇಲ್ಲೂ ಬೇಕೇ ಬೇಕು. ವಾರದ ಪೆಂಡಾಲ್‌ಗೆ ಯಾಕೆ ಅನ್ನಬೇಡಿ.

• ಬಾಡಿಗೆಗೆ ತರುವಾಗ ಸಾಕೆಟ್ ಒಡೆದಿದೆಯಾ, ವೈರ್ ಸುಲಿದಿದೆಯಾ, ಅರ್ಥ್ ಬೋಲ್ಟ್ ಇದೆಯಾ ಅಂತ ಅಲ್ಲೇ ನೋಡಿ. ಪಿನ್ ಇಲ್ಲದೆ ಬರಿ ತಂತಿಯನ್ನ ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಕೆಲಸ ಬೇಡ.

ಶಾಕ್ ಹೊಡೆದರೆ ಏನು ಮಾಡಬೇಕು?

ಮೊದಲು ಜನರೇಟರ್ ಎಂಜಿನ್ ನಿಲ್ಲಿಸಿ. ಗಾಬರಿಯಲ್ಲಿ ಎಲ್ಲರೂ ಮೇನ್ ಸ್ವಿಚ್ ಕಡೆ ಓಡುತ್ತಾರೆ. ಆದರೆ ಜನರೇಟರ್ ಕರೆಂಟು ಪ್ಲಗ್ ಪಾಯಿಂಟ್ ಮೂಲಕ ಬರುತ್ತಿದ್ದರೆ ಮೇನ್ ಆಫ್ ಮಾಡಿದರೂ ಮನೆಯೊಳಗೆ ಕರೆಂಟು ಇದ್ದೇ ಇರುತ್ತೆ. ಎಂಜಿನ್ ಸ್ವಿಚ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ತೋರಿಸಿಡಿ.

ಕರೆಂಟು ಕಟ್ ಆಗುವ ತನಕ ಶಾಕ್ ಹೊಡೆದವರನ್ನ ಬರಿಗೈಯಲ್ಲಿ ಮುಟ್ಟಬೇಡಿ. ಎಂಜಿನ್ ನಿಲ್ಲಿಸೋಕೆ ಆಗದೇ ಇದ್ದರೆ ಒಣಗಿದ ಮರದ ಕೋಲಿನಿಂದ ವೈರ್ ತಳ್ಳಿ. ಇದು ಮನೆಯ 230 ವೋಲ್ಟ್‌ಗೆ ಮಾತ್ರ. ಕಂಬದ ತಂತಿ ಹರಿದು ಬಿದ್ದಿದ್ದರೆ ಹತ್ತಿರವೇ ಹೋಗಬೇಡಿ, 1912ಕ್ಕೆ ಕರೆ ಮಾಡಿ.

ಉಸಿರಾಟ ನಿಂತಿದ್ದರೆ 108 ಅಥವಾ 112ಕ್ಕೆ ಫೋನ್ ಮಾಡಿಸಿ, ಎದೆಯ ಮಧ್ಯಭಾಗವನ್ನ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂ.ಮೀ ಆಳಕ್ಕೆ ಒತ್ತುತ್ತಾ ಇರಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಶಾಕ್‌ನಿಂದ ಹೃದಯದ ಬಡಿತ ಏರುಪೇರಾಗಿರಬಹುದು. ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಒಣ ಮರಳು ಅಥವಾ ಪೌಡರ್ ಬೆಂಕಿ ನಂದಕ ಬಳಸಿ.

ಬರೆದು ಜನರೇಟರ್ ಪಕ್ಕ ಅಂಟಿಸಿಡಿ

ಆನ್ ಮಾಡುವ ಕ್ರಮ:

1. ಚೇಂಜ್ ಓವರ್ ಸ್ವಿಚ್ 'ಆಫ್'ಗೆ ತನ್ನಿ. ದೊಡ್ಡ ಲೋಡ್‌ಗಳನ್ನೆಲ್ಲ ಆಫ್ ಮಾಡಿ.

2. ಜನರೇಟರ್ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಖಾಲಿ ಓಡಲಿ.

3. ಚೇಂಜ್ ಓವರ್ 'ಜನರೇಟರ್' ಕಡೆ ಹಾಕಿ.

4. ಒಂದೊಂದೇ ಲೋಡ್ ಆನ್ ಮಾಡಿ. ಮೋಟಾರ್ ಇರುವುದನ್ನ ಮೊದಲು, ಲೈಟು ಆಮೇಲೆ.

ಆಫ್ ಮಾಡುವ ಕ್ರಮ:

1. ಲೋಡ್‌ಗಳನ್ನ ಒಂದೊಂದಾಗಿ ಆಫ್ ಮಾಡಿ.

2. ಚೇಂಜ್ ಓವರ್ 'ಆಫ್'ಗೆ ತನ್ನಿ.

3. ಎಂಜಿನ್ ನಿಲ್ಲಿಸಿ.

4. ಲೈನ್ ಕರೆಂಟು ಬಂದು ಸ್ಥಿರವಾದಮೇಲೆ ಚೇಂಜ್ ಓವರ್ 'ಲೈನ್'ಗೆ ಹಾಕಿ.

ಪೆಟ್ರೋಲ್ ಪೂರ್ತಿ ಖಾಲಿಯಾಗಿ ತಾನಾಗೇ ನಿಲ್ಲುವ ತನಕ ಓಡಿಸಬೇಡಿ. ನಿಲ್ಲುವ ಮುಂಚೆ ವೋಲ್ಟೇಜ್ ಏರುಪೇರಾಗಿ ಟಿವಿ, ಫ್ರಿಡ್ಜ್ ಹಾಳಾಗುತ್ತೆ.

ಮೆಸ್ಕಾಂ ವ್ಯಾಪ್ತಿಯ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ನಾಲ್ಕೂ ಜಿಲ್ಲೆಗಳಲ್ಲಿ ಕರೆಂಟಿನ ದೂರಿಗೆ 1912 ಸಂಖ್ಯೆ ಇದೆ. ಕರೆಂಟು ಹೋದಾಗ ಕರೆ ಮಾಡಿ ಬೈಯೋದು ಸುಲಭ. ಅದರ ಜೊತೆ 'ನಮ್ಮ ಮನೆಯಲ್ಲಿ ಜನರೇಟರ್ ಓಡ್ತಾ ಇದೆ' ಅಂತ ಒಂದು ಮಾತು ಹೇಳಿ. ನಿಮ್ಮ ಲೈನ್‌ಮನ್ ನಂಬರ್ ಇದ್ದರೆ ಅವರಿಗೂ ತಿಳಿಸಿ. ಕಂಬದ ಮೇಲಿರುವವರು ಅದನ್ನ ಕೇಳಿಸಿಕೊಂಡು ಇನ್ನೊಮ್ಮೆ ಟೆಸ್ಟ್ ಮಾಡಿ ನೋಡುತ್ತಾರೆ.

ಮಾತು ಹೇಳಿದ್ದೇವೆ ಅಂತ ಚೇಂಜ್ ಓವರ್ ಸ್ವಿಚ್ ಹಾಕಿಸೋದು ಮಾತ್ರ ಮುಂದಕ್ಕೆ ಹಾಕಬೇಡಿ. ಆ ಫೋನ್ ಸಿಗದೇ ಇರುವ ರಾತ್ರಿಯೂ ಬರುತ್ತೆ. ಮಲೆನಾಡಲ್ಲಿ ಕರೆಂಟು ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗೋದು ಎಲ್ಲರಿಗೂ ಗೊತ್ತಿರುವ ವಿಷಯ.